ಗಡದ ದಾರಿಯಲ್ಲಿ ಕುಡಿಯುವ ನೀರು

ಮಳೆಗಾಲ ಮುಗಿದು ದೀಪಾವಳಿ ಹತ್ತಿರವಾಯಿತೆಂದರೆ ನಮ್ಮ ವಾಚನಾಲಯದಲ್ಲಿ ಸಹ್ಯಾದ್ರಿಯ ನಕ್ಷೆಗೆ ಕೈಗಳು ಹೆಚ್ಚುತ್ತವೆ. ಕಚೇರಿಯ ಮೇಜಿಗೆ ಬಾಗಿ ಬೆನ್ನು ನೋಯಿಸಿಕೊಂಡವರು, ಹೊಟೇಲಿನ ಒಲೆಯ ಮುಂದೆ ನಿಂತು ಕಾಲು ಊದಿಸಿಕೊಂಡವರು, ಎರಡು ದಿನದ ರಜೆಗೆ ಇನ್ನೆರಡು ದಿನ ಕೂಡಿಸಿಕೊಂಡು ಗಡಗಳ ಕಡೆಗೆ ಹೊರಡುತ್ತಾರೆ. ಒಳ್ಳೆಯ ಅಭ್ಯಾಸ, ಖರ್ಚೂ ಕಡಿಮೆ. ಆದರೆ ಹೊರಡುವವರು ಬೂಟು, ಬ್ಯಾಟರಿ, ಅವಲಕ್ಕಿಗಳ ವಿಷಯದಲ್ಲಿ ಕೇಳುವಷ್ಟು ವಿಚಾರವನ್ನು ನೀರಿನ ವಿಷಯದಲ್ಲಿ ಕೇಳುವುದಿಲ್ಲ. "ಮೇಲೆ ಟಾಕೆ ಇದೆಯಂತೆ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಟಾಕೆ ಇರುವುದು ನಿಜ. ಅದರಲ್ಲಿ ನೀರಿರುವುದು ಬೇರೆ ಮಾತು. ಆ ನೀರು ಕುಡಿಯತಕ್ಕದ್ದಾಗಿರುವುದು ಇನ್ನೂ ಬೇರೆ ಮಾತು. ದಿನಗೂಲಿಯವನಿಗೆ ಮೂರು ವಾರದ ಕಾಮಾಲೆಯೆಂದರೆ ಮೂರು ವಾರದ ಸಂಬಳ, ಅಂದರೆ ಊರಿಗೆ ಕಳಿಸಬೇಕಾದ ಹಣ. ಆದುದರಿಂದ ಈ ಸಂಚಿಕೆಯ ಪಾಠವನ್ನು ನೀರಿಗೇ ಮೀಸಲಿಟ್ಟಿದ್ದೇವೆ.

ಮೊದಲು ಈ ಬೆಟ್ಟಗಳ ಕಲ್ಲಿನ ಗುಣವನ್ನು ತಿಳಿಯಬೇಕು. ಮುಂಬಯಿ ಪುಣೆಗಳ ಸುತ್ತಿನ ಸಹ್ಯಾದ್ರಿ ನಮ್ಮ ಸಾವನದುರ್ಗ, ಶಿವಗಂಗೆಗಳಂತೆ ಗ್ರಾನೈಟಿನ ಗುಡ್ಡವಲ್ಲ. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ನೆಲದೊಳಗಿಂದ ಉಕ್ಕಿದ ಲಾವಾರಸ ಸರದಿ ಸರದಿಯಾಗಿ ಹರಿದು ಹೆಪ್ಪುಗಟ್ಟಿತು. ಕಾವಲಿಯಿಂದ ತೆಗೆದ ದೋಸೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಈ ಪದರಗಳು ಕೂತಿವೆ. ಕೆಲವು ಪದರ ಗಟ್ಟಿ, ನೀರಿಗೆ ಜಗ್ಗುವುದಿಲ್ಲ; ಕೆಲವು ಗುಳ್ಳೆಗುಳ್ಳೆಯಾಗಿ, ಬಿರುಕುಬಿಟ್ಟು, ಸವೆದು ಸಡಿಲವಾದವು. ನಡುನಡುವೆ ಇಟ್ಟಿಗೆಯ ಬಣ್ಣದ ಜೇಡಿಪದರವೂ ಬರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿದ್ದ ಮಳೆ ಸಡಿಲ ಪದರಕ್ಕೆ ಇಳಿಯುತ್ತದೆ, ಗಟ್ಟಿ ಪದರಕ್ಕೋ ಕೆಂಪು ಜೇಡಿಗೋ ತಾಗಿದಾಗ ಮುಂದೆ ಇಳಿಯಲಾರದೆ ಅಡ್ಡ ಹರಿದು, ಬೆಟ್ಟದ ಪಕ್ಕೆಯಲ್ಲಿ ಜಿನುಗುತ್ತದೆ. ಇದೇ ಒರತೆ. ಆದುದರಿಂದ ನೀರು ಹುಡುಕುವವನು ಕಾಲಬುಡವನ್ನು ನೋಡಿದರೆ ಸಾಲದು, ಎದುರಿನ ಕಡಿದಾದ ಗೋಡೆಯನ್ನೂ ನೋಡಬೇಕು. ಒಣ ಬಂಡೆಯ ನಡುವೆ ಅಡ್ಡಗೆರೆ ಎಳೆದಂತೆ ಹಾವಸೆ, ಜರಿಗಿಡ, ಹಸಿರು ಹುಲ್ಲು ಕಂಡರೆ ಅಲ್ಲಿ ಎರಡು ಪದರಗಳು ಸೇರಿವೆ ಎಂದೂ ಅಲ್ಲಿ ತೇವವಿದೆ ಎಂದೂ ತಿಳಿಯಬಹುದು.

ಮರಗಳನ್ನು ನೋಡಿ ನೆಲದ ನೀರನ್ನು ಊಹಿಸುವ ವಿದ್ಯೆ ನಮ್ಮಲ್ಲಿ ಹಳೆಯದು. ೬ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವನ್ನು ಬರೆದಿದ್ದಾನೆ. ಆದರೆ ಅದು ಬಾವಿ ತೋಡುವವರಿಗೆ ಹೇಳಿದ ಮಾತು. ಅತ್ತಿಮರದ ಕೆಳಗೆ ಎಷ್ಟೋ ಆಳದಲ್ಲಿ ನೀರಿದ್ದರೆ ಬಾಯಾರಿದ ದಾರಿಹೋಕನಿಗೆ ಅದರಿಂದ ಏನಾಗಬೇಕು? ಅವನಿಗೆ ದನಗಳ ಕಾಲುಹಾದಿಯೇ ಹೆಚ್ಚು ಉಪಯೋಗ. ಎರಡು ಮೂರು ಸಣ್ಣ ಹಾದಿಗಳು ಇಳಿಜಾರಿನಲ್ಲಿ ಒಂದುಗೂಡಿದರೆ ಅದು ಸಾಮಾನ್ಯವಾಗಿ ನೀರಿನ ಕಡೆಗೇ ಹೋಗುತ್ತದೆ. ಇವೆಲ್ಲಕ್ಕಿಂತ ಮೇಲಾದ ಉಪಾಯ, ತಪ್ಪಲಿನ ಹಳ್ಳಿಯಲ್ಲಿ ಕೇಳುವುದು. "ಪಾಣೀ ಕುಠೇ ಆಹೇ" ಎಂಬಷ್ಟು ಮರಾಠಿ ನಮ್ಮಲ್ಲಿ ಯಾರಿಗೆ ಬರುವುದಿಲ್ಲ? ಆದರೆ ಕೇಳಬೇಕಾದದ್ದು ನೀರು ಎಲ್ಲಿದೆ ಎಂದಲ್ಲ. ಈ ತಿಂಗಳಲ್ಲಿ, ಈ ವಾರದಲ್ಲಿ ಇದೆಯೇ, ನೀವು ಅದನ್ನೇ ಕುಡಿಯುತ್ತೀರಾ ಎಂದು ಕೇಳಬೇಕು. ದನ ಮೇಯಿಸುವವನ ಉತ್ತರಕ್ಕೆ ಅಚ್ಚಾದ ಯಾವ ನಕ್ಷೆಯೂ ಸಮವಲ್ಲ.

ತಿಂಗಳ ಲೆಕ್ಕ ಮುಖ್ಯವೆಂದು ಹೇಳುವುದಕ್ಕೆ ಕಾರಣವಿದೆ. ಮಹಾಬಳೇಶ್ವರದಂಥ ಕಡೆ ವರ್ಷಕ್ಕೆ ೫,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಆದರೆ ಬೀಳುವುದು ನಾಲ್ಕು ತಿಂಗಳು, ಮಿಕ್ಕ ಎಂಟು ತಿಂಗಳು ಆ ಉಳಿಕೆಯ ಮೇಲೆ ಬದುಕಬೇಕು. ಅಕ್ಟೋಬರಿನಲ್ಲಿ ಹಳ್ಳಕೊಳ್ಳಗಳಲ್ಲೆಲ್ಲ ನೀರು. ಜನವರಿಯ ಹೊತ್ತಿಗೆ ಒರತೆಗಳು ತೊಟ್ಟಿಕ್ಕತೊಡಗುತ್ತವೆ. ಹೋಳಿ ಕಳೆದ ಮೇಲೆ ಎಷ್ಟೋ ಟಾಕೆಗಳ ತಳ ಕಾಣುತ್ತದೆ. ಆ ಮೇಲೆ ಏಪ್ರಿಲ್ ಮೇ ತಿಂಗಳಲ್ಲಿ ಹಲವು ದಿನಗಳ ನಡಿಗೆಗೆ ಹೊರಡುವುದು ಸಾಹಸವಲ್ಲ, ಅವಿವೇಕ ಎಂದೇ ನಮ್ಮ ಅಭಿಪ್ರಾಯ.

ಈಗ ಟಾಕೆಯ ವಿಷಯ. ಮರಾಠಿಯವರು ಟಾಕೆ ಎನ್ನುವುದನ್ನು ನಾವು ದೊಣೆ ಎನ್ನಬಹುದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕಂಚಿನ ದೊಣೆ, ಲಕ್ಕಿದೊಣೆಗಳನ್ನು ಕಂಡವರಿಗೆ ಇದರ ಕಲ್ಪನೆ ಬರುತ್ತದೆ. ಸಹ್ಯಾದ್ರಿಯಲ್ಲಿ ಇವನ್ನು ಬಂಡೆಯೊಳಗೆ ಉಳಿಯಿಂದ ಕೊರೆದಿದ್ದಾರೆ. ಇದು ಶಿವಾಜಿ ಮಹಾರಾಜರ ಕಾಲಕ್ಕೂ ಎಷ್ಟೋ ಹಿಂದಿನ ವಿದ್ಯೆ. ಮುಂಬಯಿಯಲ್ಲಿರುವವರು ದೂರ ಹೋಗಬೇಕಾಗಿಲ್ಲ. ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳಿಗೆ ಒಂದು ಭಾನುವಾರ ಹೋಗಿಬಂದರೆ ಸಾಕು. ಅಲ್ಲಿ ನೂರಕ್ಕೂ ಹೆಚ್ಚು ಗುಹೆಗಳಿವೆ; ಗುಹೆಗಳ ಅಂಗಳದ ಬದಿಯಲ್ಲಿ ನೀರಿನ ದೊಣೆ, ಬಂಡೆಯ ಮೇಲೆ ಬಿದ್ದ ಮಳೆಯನ್ನು ಅದಕ್ಕೆ ತರುವ ಕಾಲುವೆ. ದೊಣೆ ಕೊರೆಯಿಸಿಕೊಟ್ಟ ದಾನಿಗಳ ಹೆಸರುಗಳು ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನಗಳಲ್ಲಿವೆ. ದೊಣೆಗೆ ಅಲ್ಲಿನ ಮಾತು "ಪೋಢಿ". ನಮ್ಮವರು ಅಲ್ಲಿಗೆ ಹೋದಾಗ ಇನ್ನೊಂದನ್ನೂ ನೆನೆಯಬಹುದು: ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳ್ವಿಕೆಯ ೯ನೆಯ ಶತಮಾನದ ಶಾಸನಗಳೂ ಅದೇ ಕಾನ್ಹೇರಿಯಲ್ಲಿವೆ.

ಈ ದೊಣೆಗಳಲ್ಲಿ ಎರಡು ಜಾತಿ. ಒಂದು ಮೇಲೆ ತೆರೆದದ್ದು. ಇನ್ನೊಂದು ಬಂಡೆಯೊಳಗೆ ಹೊಕ್ಕು, ಒಳಗೆ ಕಂಬಗಳನ್ನು ಬಿಟ್ಟು, ಬಂಡೆಯನ್ನೇ ಸೂರಾಗಿಸಿಕೊಂಡದ್ದು. ಎರಡನೆಯದರಲ್ಲಿ ಬಿಸಿಲು ಬೀಳದಿರುವುದರಿಂದ ನೀರು ಆರುವುದು ಕಡಿಮೆ, ಪಾಚಿ ಬೆಳೆಯುವುದೂ ಕಡಿಮೆ; ಎಲೆ, ಸಗಣಿಗಳು ಬೀಳುವುದಿಲ್ಲ. ಕೆಲವಕ್ಕೆ ಬಂಡೆಯ ಒರತೆಯೂ ಬಂದು ಸೇರುತ್ತದೆ. ಗಡದ ಮೇಲೆ ಎರಡೂ ಸಿಕ್ಕಿದರೆ ಸೂರಿನ ದೊಣೆಯನ್ನೇ ಆರಿಸಬೇಕು, ನಾಲ್ಕು ಹೆಜ್ಜೆ ಹೆಚ್ಚಾದರೂ ಸರಿ. ಗಡ ಕಟ್ಟಿದವರಿಗೆ ನೀರಿನ ಚಿಂತೆ ಎಷ್ಟಿತ್ತೆಂಬುದಕ್ಕೆ ೧೮ನೆಯ ಶತಮಾನದ ಮೊದಲ ಭಾಗದಲ್ಲಿ ರಾಮಚಂದ್ರಪಂತ ಅಮಾತ್ಯರು ಬರೆದ ಆಜ್ಞಾಪತ್ರವೇ ಸಾಕ್ಷಿ. ಮೊದಲು ನೀರು ನೋಡಿ ಆ ಮೇಲೆ ಕೋಟೆ ಕಟ್ಟಬೇಕೆಂದು ಅವರು ವಿಧಿಸುತ್ತಾರೆ. ಒರತೆಯೊಂದನ್ನೇ ನಂಬಬಾರದು, ಯುದ್ಧಕಾಲದಲ್ಲಿ ತೋಪಿನ ಅದುರಿಗೆ ಒರತೆಗಳು ಬತ್ತಬಹುದು, ಆದ್ದರಿಂದ ಕೂಡಿಟ್ಟ ನೀರಿರಲಿ ಎಂದೂ ಹೇಳುತ್ತಾರೆ. ತೋಪಿನ ಭಯವಿಲ್ಲದ ನಮಗೂ ಈ ಬುದ್ಧಿ ಬೇಕು: ಒಂದೇ ನೀರಿನ ಮೇಲೆ ಇಡೀ ದಿನದ ನಡಿಗೆಯನ್ನು ನೇತುಹಾಕಬಾರದು.

ಉದಾಹರಣೆಗೆ ರಾಜಗಡ, ತೋರಣಾ, ರಾಯಗಡಗಳ ಹೆಸರುವಾಸಿಯಾದ ಹಾದಿಯನ್ನೇ ತೆಗೆದುಕೊಳ್ಳೋಣ. ಪುಣೆಯ ಕಡೆಯ ಗುಂಜವಣೆ ಹಳ್ಳಿಯಿಂದ ರಾಜಗಡ ಹತ್ತಿ, ಬೆಟ್ಟದ ಏಣಿನ ಮೇಲೆಯೇ ತೋರಣಾಕ್ಕೆ ನಡೆದು, ಕೊಂಕಣಕ್ಕೆ ಇಳಿದು ರಾಯಗಡ ಸೇರುವುದಕ್ಕೆ ಮೂರು ನಾಲ್ಕು ದಿನ ಬೇಕು. ರಾಜಗಡದಲ್ಲಿ ಪದ್ಮಾವತಿ ಮಾಚಿಯ ಮೇಲೆ ಕೆರೆಯೂ ಇದೆ, ಗುಡಿಯ ಹತ್ತಿರ ಟಾಕೆಗಳೂ ಇವೆ. ಕೆರೆ ದೊಡ್ಡದಾಗಿ ಕಣ್ಣಿಗೆ ತಂಪಾಗಿದೆ, ಆದರೆ ತೆರೆದ ನೀರು; ಕುಡಿಯುವುದಕ್ಕೆ ಟಾಕೆಯೇ ಸರಿ. ರಾಜಗಡದ ಸಂಜೀವನಿ ಮಾಚಿಯಿಂದ ತೋರಣಾದ ಬುಧಲಾ ಮಾಚಿಯವರೆಗಿನ ಏಣಿನ ದಾರಿಯೇ ಈ ಪ್ರವಾಸದ ಕಠಿಣ ಭಾಗ. ಬಿಸಿಲು ತಪ್ಪುವುದಿಲ್ಲ. ಏಣು ಎಂದರೆ ನೀರು ಎರಡೂ ಕಡೆಗೆ ಜಾರಿಹೋಗುವ ಜಾಗ. ಅಲ್ಲಿ ನೀರು ನಿಲ್ಲುವುದಾದರೂ ಹೇಗೆ? ಆದುದರಿಂದ ಆ ದಿನ ರಾಜಗಡದಿಂದ ಹೊರಡುವಾಗಲೇ ತಲೆಗೆ ನಾಲ್ಕು ಲೀಟರು ತುಂಬಿಕೊಂಡಿರಬೇಕು. ನಾಲ್ಕು ಲೀಟರೆಂದರೆ ನಾಲ್ಕು ಕಿಲೋ ಭಾರ, ನಿಜ. ಬೇರೆ ಏನನ್ನಾದರೂ ಬಿಟ್ಟುಬನ್ನಿ. ಕೊಂಕಣದ ಕಡೆಗೆ ಇಳಿಯುವ ಕಡಿದಾದ ಕಣಿವೆಗಳನ್ನು ಅಲ್ಲಿಯವರು ನಾಳ ಎನ್ನುತ್ತಾರೆ. ಹೆಸರು ಕೇಳಿ ನೀರಿದೆಯೆಂದು ಭ್ರಮಿಸಬೇಡಿ; ಮಳೆ ನಿಂತ ಕೆಲವು ತಿಂಗಳಿಗೆ ಅವು ಬರೀ ಗುಂಡುಕಲ್ಲಿನ ಹಾಸು. ಅದರ ಬುಡದಲ್ಲಿ, ಒಣಗಿದ ಹಳ್ಳ ತಿರುಗುವಲ್ಲಿ, ಹೊರಬದಿಯ ಮರಳನ್ನು ಮೊಳದಷ್ಟು ತೋಡಿದರೆ ಕೆಲವೊಮ್ಮೆ ನೀರು ಒಸರುತ್ತದೆ. ನಮ್ಮ ಬಯಲುಸೀಮೆಯ ಹೆಂಗಸರು ಬೇಸಗೆಯಲ್ಲಿ ಹೊಳೆಯ ಮರಳಿನಲ್ಲಿ ತೋಡುವ ಒರತೆ ಇದೇ ತಾನೆ? ಮೊದಲು ಬಂದ ಕದಡು ನೀರನ್ನು ಎರಡು ಮೂರು ಸಲ ಮೊಗೆದು ಚೆಲ್ಲಿ, ತಿಳಿಯಾದದ್ದನ್ನು ತುಂಬಿಕೊಳ್ಳಬೇಕು.

ಇಲ್ಲಿಗೆ ನೀರು ಸಿಕ್ಕಿತು. ಪಾಠದ ಕಷ್ಟದ ಭಾಗ ಇನ್ನು ಮುಂದೆ. ನಮ್ಮ ಕಣ್ಣು ಕೆಸರನ್ನು ಕಾಣುತ್ತದೆ, ರೋಗವನ್ನು ಕಾಣುವುದಿಲ್ಲ. ತಿಳಿನೀರನ್ನು ಶುದ್ಧನೀರೆಂದು ತಿಳಿಯುವುದರಿಂದಲೇ ಹೆಚ್ಚಿನ ಅನಾಹುತಗಳಾಗುತ್ತವೆ.

ಬಟ್ಟೆಯಲ್ಲಿ ಸೋಸುವುದರಿಂದ ಪ್ರಾರಂಭಿಸೋಣ. ಇದು ಅಜ್ಜಿಯ ಕಾಲದ ಪದ್ಧತಿಯೆಂದು ನಗುವವರುಂಟು, ನಗಬೇಕಾಗಿಲ್ಲ. ನಮ್ಮ ಕರ್ನಾಟಕದ ಬಿಸಿಲುನಾಡಿನಲ್ಲಿ ಹಿಂದೆ ನಾರುಹುಣ್ಣು ಎಂಬ ಬೇನೆಯಿತ್ತು. ನೀರಿನೊಳಗಿನ ಕಣ್ಣಿಗೆ ಕಂಡೂ ಕಾಣದ ಸಣ್ಣ ಚಿಗಟದಂಥ ಜೀವಿಯ ಹೊಟ್ಟೆಯಲ್ಲಿ ಈ ಹುಳುವಿನ ಮರಿ ಇರುತ್ತಿತ್ತು. ಆ ನೀರು ಕುಡಿದವನ ಕಾಲಿನಿಂದ ಸುಮಾರು ಒಂದು ವರ್ಷದ ಮೇಲೆ ಮೊಳಗಟ್ಟಲೆ ಉದ್ದದ ಹುಳು ಹೊರಬರುತ್ತಿತ್ತು. ಹುಣ್ಣಿನ ಕಾಲನ್ನು ಮೆಟ್ಟಿಲುಬಾವಿಯೊಳಗೆ ಇಳಿಸಿದರೆ ಮತ್ತೆ ಮರಿಗಳು ನೀರಿಗೆ. ಇದಕ್ಕೆ ಔಷಧವೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಮೆಟ್ಟಿಲುಬಾವಿಗಳನ್ನು ಸೇದುಬಾವಿಗಳಾಗಿ ಮಾರ್ಪಡಿಸುವುದು, ನೀರಿಗೆ ಮದ್ದು ಹಾಕುವುದು, ಇಷ್ಟರಿಂದಲೇ ಆ ರೋಗ ತೊಲಗಿತು. ಭಾರತದ ಕೊನೆಯ ರೋಗಿ ಕಂಡದ್ದು ೧೯೯೬ರಲ್ಲಿ. ೨೦೦೦ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶವನ್ನು ಈ ರೋಗದಿಂದ ಮುಕ್ತವೆಂದು ಸಾರಿತು.

ಬಟ್ಟೆಯ ಶಕ್ತಿಗೆ ಇನ್ನೊಂದು ನಿದರ್ಶನ ಬಾಂಗ್ಲಾದೇಶದ ಮತ್ಲಬ್ ಸೀಮೆಯದು. ಕಾಲರಾದ ರೋಗಾಣುಗಳು ನೀರಿನ ಸೂಕ್ಷ್ಮ ಪ್ರಾಣಿಗಳಿಗೆ ಅಂಟಿಕೊಂಡಿರುತ್ತವೆಂದು ಕಂಡುಕೊಂಡ ರೀಟಾ ಕೋಲ್ವೆಲ್ ಮತ್ತು ಅವರ ಸಂಗಡಿಗರು, ಹಳೆಯ ಸೀರೆಯನ್ನು ಹಲವು ಮಡಿಕೆ ಮಡಿಸಿ ಕೊಡದ ಬಾಯಿಗೆ ಕಟ್ಟಿ ನೀರು ತುಂಬುವುದನ್ನು ಹಳ್ಳಿಗಳಲ್ಲಿ ಕಲಿಸಿದರು. ೨೦೦೩ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತು. ಹೊಸ ಸೀರೆಗಿಂತ ಹಳೆಯದೇ ಮೇಲು, ಏಕೆಂದರೆ ಒಗೆದು ಒಗೆದು ನೂಲು ಅರಳಿ ಕಂಡಿಗಳು ಚಿಕ್ಕದಾಗಿರುತ್ತವೆ. ಆದುದರಿಂದ ಚೀಲದಲ್ಲಿ ಒಂದು ಹಳೆಯ ಹತ್ತಿ ಪಂಚೆಯ ತುಂಡಿರಲಿ. ನಾಲ್ಕಾರು ಮಡಿಕೆ ಮಾಡಿ ಸೋಸಿ, ಒಂದೇ ಮಗ್ಗುಲನ್ನು ಯಾವಾಗಲೂ ಮೇಲ್ಮಾಡಿ ಹಿಡಿಯಿರಿ, ಬಳಸಿದ ಮೇಲೆ ಒಗೆದು ಬಿಸಿಲಿಗೆ ಹಾಕಿರಿ.

ಆದರೆ ಅರ್ಧ ಇಳಿಯಿತು ಎಂದರೆ ಅರ್ಧ ಉಳಿಯಿತು ಎಂದೂ ಅರ್ಥ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಮಡಿಸಿದ ಹಳೆಯ ಸೀರೆಯ ಕಂಡಿ ಸುಮಾರು ೨೦ ಮೈಕ್ರಾನ್. ವಿಷಮಶೀತ ಜ್ವರದಂಥ ಬೇನೆಗಳ ರೋಗಾಣುಗಳು ಒಂದೆರಡು ಮೈಕ್ರಾನ್. ಸಂಜೆಗೆ ದಾದರ್ ನಿಲ್ದಾಣದ ಬಾಗಿಲಿನಲ್ಲಿ ನುಗ್ಗುವ ಜನರಂತೆ ಅವು ಸಲೀಸಾಗಿ ದಾಟುತ್ತವೆ. ಕದಡಿದ ನೀರನ್ನು ತಿಳಿಗೊಳಿಸಲು ಪಟಿಕವನ್ನು ಆಡಿಸುವುದು, ನಮ್ಮ ಹಿರಿಯರು ಮಾಡುತ್ತಿದ್ದಂತೆ ಚಿಲ್ಲದ ಬೀಜವನ್ನು ಪಾತ್ರೆಯ ಒಳಮೈಗೆ ತೇಯುವುದು, ಇವೂ ಒಳ್ಳೆಯವೇ. ಆದರೆ ಇವು ಮಾಡುವುದು ಕೆಸರನ್ನು ತಳಕ್ಕೆ ಕೂರಿಸುವ ಕೆಲಸ. ಅಲ್ಲಿಗೇ ನಿಲ್ಲಿಸಿದರೆ ಏನಾಗುತ್ತದೆಂಬುದನ್ನು ನಮ್ಮ ದೆಹಲಿಯ ಬಂಧುಗಳಲ್ಲಿ ಹಿರಿಯರಾದವರು ಕೇಳಿಬಲ್ಲರು. ೧೯೫೫ರ ನವೆಂಬರಿನಲ್ಲಿ ಯಮುನೆಯ ನೀರೆತ್ತುವ ವಜೀರಾಬಾದಿನ ಜಾಗಕ್ಕೆ ನಗರದ ಕೊಳಚೆನೀರು ಹಿಮ್ಮೆಟ್ಟಿ ಬಂದು ಸೇರಿತು. ಪಟಿಕ, ಕ್ಲೋರಿನ್‌ಗಳನ್ನು ಹೆಚ್ಚಾಗಿಯೇ ಹಾಕಿದರು. ನೀರು ತಿಳಿಯಾಗಿಯೇ ಇತ್ತು, ವಿಷಮಶೀತ ಜ್ವರ ಹೆಚ್ಚಲಿಲ್ಲ. ಆದರೂ ಡಿಸೆಂಬರಿನಿಂದ ಜನವರಿಯವರೆಗೆ ಸುಮಾರು ೨೯,೦೦೦ ಜನರಿಗೆ ಕಾಮಾಲೆಯಾಯಿತು. ಇಂದು ಹೆಪಟೈಟಿಸ್-ಇ ಎಂದು ಕರೆಯುವ ವೈರಸ್ ಅದಕ್ಕೆ ಕಾರಣವೆಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಗರ್ಭಿಣಿಯರಿಗೆ ಇದು ಬಹಳ ಅಪಾಯಕಾರಿ.

ಈ ವೈರಸ್ಸುಗಳ ಗಾತ್ರ ಒಂದು ಮೈಕ್ರಾನಿನ ಮೂವತ್ತರಲ್ಲೊಂದು ಪಾಲಿನಷ್ಟು. ಈಗ ಅಂಗಡಿಗಳಲ್ಲಿ ಪ್ರವಾಸಿಗಳಿಗೆಂದು ಮಾರುವ, ನಳಿಗೆಯಂತೆ ಹೀರಿ ಕುಡಿಯುವ ಫಿಲ್ಟರುಗಳ ಕಂಡಿ ಸಾಮಾನ್ಯವಾಗಿ ೦.೧ ಮೈಕ್ರಾನ್. ಅವು ಕಾಲರಾ, ವಿಷಮಶೀತ ಜ್ವರಗಳ ರೋಗಾಣುಗಳನ್ನೂ ಆಮಶಂಕೆಯ ಜೀವಿಗಳನ್ನೂ ತಡೆಯುತ್ತವೆ. ಕಾಮಾಲೆಯ ವೈರಸ್ಸನ್ನು ತಡೆಯಲಾರವು. ಬೆಲೆ ಕೊಟ್ಟು ಕೊಂಡವರು ಇದನ್ನು ತಿಳಿದಿರಬೇಕು. ಕ್ಲೋರಿನ್ ಮಾತ್ರೆಯೂ ಉಪಯುಕ್ತವೇ, ಹಗುರ, ಅಗ್ಗ. ಆದರೆ ಕದಡಿದ ನೀರಿನಲ್ಲಿ ಅದರ ಶಕ್ತಿ ಕೆಸರಿಗೇ ಖರ್ಚಾಗಿಹೋಗುತ್ತದೆ. ಮೊದಲು ಸೋಸಿ, ಆ ಮೇಲೆ ಪೊಟ್ಟಣದ ಮೇಲೆ ಬರೆದ ಅಳತೆಯಂತೆ ಹಾಕಿ, ಕಡಮೆಯೆಂದರೆ ಅರ್ಧ ಗಂಟೆ ಕಾಯಬೇಕು. ಬಾಯಾರಿದವನಿಗೆ ಅರ್ಧ ಗಂಟೆ ದೀರ್ಘಕಾಲ. ಆದ್ದರಿಂದ ಎರಡು ಶೀಷೆಗಳಿರಬೇಕು, ಒಂದು ಕುಡಿಯುವುದಕ್ಕೆ, ಒಂದು ಕಾಯುವುದಕ್ಕೆ.

ಕೊನೆಗೂ ಕುದಿಸುವುದಕ್ಕೆ ಸರಿಯಾದದ್ದು ಇನ್ನೊಂದಿಲ್ಲ. ಹುಳು, ರೋಗಾಣು, ವೈರಸ್ ಎಲ್ಲವೂ ಕುದಿಗೆ ಸಾಯುತ್ತವೆ. ಎತ್ತರ ಹೋದಂತೆ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆಂಬುದು ನಿಜ. ತೋರಣಾದ ೧,೪೦೩ ಮೀಟರ್ ಎತ್ತರದಲ್ಲಿ ಅದು ಸುಮಾರು ೯೫ ಡಿಗ್ರಿ. ಆದರೂ ಅಷ್ಟು ಶಾಖ ಸಾಕು. ೨,೦೦೦ ಮೀಟರಿನವರೆಗೆ ಒಂದು ನಿಮಿಷ, ಅದಕ್ಕೂ ಮೇಲೆ ಮೂರು ನಿಮಿಷ ಮರಳಿಸಿದರೆ ಆಯಿತು. ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ ಕಳಸೂಬಾಯಿಯೇ ೧,೬೪೬ ಮೀಟರ್. ಹಾಗಾಗಿ ಇಲ್ಲಿ ಎಲ್ಲಿ ಹೋದರೂ ಒಂದು ನಿಮಿಷ ಸಾಕು. ಇಪ್ಪತ್ತು ನಿಮಿಷ ಕುದಿಸಿ ಉರುವಲು ಸುಡುವವರನ್ನು ಕಂಡಿದ್ದೇವೆ, ಅದು ವ್ಯರ್ಥ. ಒಣಹುಲ್ಲಿನ ಬೆಟ್ಟದಲ್ಲಿ ಕಟ್ಟಿಗೆಯ ಒಲೆ ಹೂಡಬಾರದು. ಸಣ್ಣ ಗ್ಯಾಸ್ ಸ್ಟೋವ್ ಒಂದನ್ನು ನಾಲ್ಕು ಜನ ಸೇರಿ ಕೊಂಡರೆ ಭಾರವಾಗುವುದಿಲ್ಲ. ಸಂಜೆ ಬಿಡಾರಕ್ಕೆ ತಲುಪಿದ ಕೂಡಲೆ, ಅಡಿಗೆಗೂ ಮೊದಲು, ಮರುದಿನದ ನೀರನ್ನು ಕುದಿಸಿ ಮುಚ್ಚಿಟ್ಟರೆ ರಾತ್ರಿಯ ಚಳಿಗೆ ಆರಿ ಬೆಳಗಿಗೆ ತಂಪಾಗಿರುತ್ತದೆ. ಒಂದು ವಿಷಯದಲ್ಲಿ ಮಾತ್ರ ಕುದಿಯೂ ಸೋಲುತ್ತದೆ: ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟಿದ ನೀರಿನಲ್ಲಿ ಕೆಲವು ಪಾಚಿಗಳ ವಿಷವಿರಬಹುದು, ಅದು ಕುದಿಸಿದರೂ ಹೋಗದು, ಸೋಸಿದರೂ ಹೋಗದು. ಅಂಥ ನೀರನ್ನು ಬಿಟ್ಟುಬಿಡಿ.

ದಾರಿಯಲ್ಲಿ ಯಾರಿಗಾದರೂ ಭೇದಿ ಹಿಡಿದರೆ ಒಂದು ಲೀಟರ್ ಕುದಿಸಿದ ನೀರಿಗೆ ಚಹಾದ ಚಮಚದಲ್ಲಿ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ೧೯೭೧ರಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ಕಾಲರಾ ರೋಗಿಗಳನ್ನು ಉಳಿಸಿದ್ದು ಇಂಥ ಸಕ್ಕರೆ ಉಪ್ಪಿನ ದ್ರಾವಣದಿಂದಲೇ. ರೋಗಿಯನ್ನು ಮುಂದಕ್ಕೆ ನಡೆಸದೆ ಹತ್ತಿರದ ಹಳ್ಳಿಗೆ ಇಳಿಸಿಕೊಂಡು ಹೋಗಿರಿ.

ನೀರಿನ ಮುಂದೆ ನಮ್ಮ ನಡತೆಯ ವಿಷಯವನ್ನೂ ಹೇಳಬೇಕು. ಟಾಕೆಗೆ ಇಳಿದು ಕಾಲು ತೊಳೆಯುವುದು, ಎಂಜಲು ತಟ್ಟೆಯನ್ನು ಅದ್ದುವುದು, ಸೋಪಿನಿಂದ ಮುಖ ತೊಳೆಯುವುದು, ಇವೆಲ್ಲ ಗಡಗಳಲ್ಲಿ ದಿನವೂ ಕಾಣುವ ನೋಟ. ಒಂದು ಹಗ್ಗ, ಒಂದು ಚೊಕ್ಕ ತಂಬಿಗೆ ಒಯ್ದು, ಸೇದಿಕೊಂಡು ದೂರ ಹೋಗಿ ತೊಳೆದುಕೊಳ್ಳುವುದು ಎಷ್ಟರ ಕಷ್ಟ? ಆ ಟಾಕೆ ನಾವು ಇಳಿದುಹೋದ ಮೇಲೂ ದನ ಕಾಯುವ ಹುಡುಗನಿಗೆ ಬೇಸಗೆಯವರೆಗೆ ಬೇಕು. ರಾಯಗಡ ಇಳಿದು ಬಸ್ಸಿಗಾಗಿ ಮಹಾಡಕ್ಕೆ ಬಂದವರು ಅಲ್ಲಿಯ ಚವದಾರ ಕೆರೆಯನ್ನು ನೋಡದೆ ಬರಬಾರದು. ಊರಿನ ಕೆರೆಯಲ್ಲಿ ಊರಿನವರಾದ ದಲಿತರಿಗೇ ನೀರು ಮುಟ್ಟಲು ಬಿಡದಿದ್ದ ಕಾಲದಲ್ಲಿ, ೧೯೨೭ರ ಮಾರ್ಚ್ ೨೦ರಂದು ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಬೊಗಸೆಯಲ್ಲಿ ನೀರೆತ್ತಿ ಕುಡಿದ ಸ್ಥಳ ಅದು. ಆಮೇಲೆ ಸಂಪ್ರದಾಯಸ್ಥರು ಅದೇ ಕೆರೆಯನ್ನು "ಶುದ್ಧಿ" ಮಾಡಿಸಿದರು. ದನಕರುಗಳು ಕುಡಿದಾಗ ಬೇಕಿಲ್ಲದ ಶುದ್ಧಿ ಮನುಷ್ಯರು ಕುಡಿದಾಗ ಬೇಕಾಯಿತು! ರೋಗ ಯಾವುದರಿಂದ ಬರುತ್ತದೆ, ಯಾವುದರಿಂದ ಬರುವುದಿಲ್ಲ ಎಂಬ ಈ ಪಾಠದಲ್ಲಿ ಅದಕ್ಕೂ ಜಾಗವಿದೆ.

ಮರಳಿ ಬಂದ ಮೇಲೆ ಒಂದು ತಾರೀಖನ್ನು ಬರೆದಿಟ್ಟುಕೊಳ್ಳಿ: ಗಡದ ನೀರು ಕುಡಿದ ದಿನ. ವಿಷಮಶೀತ ಜ್ವರ ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ; ಕಾಮಾಲೆ ಎರಡು ವಾರದಿಂದ ಹಿಡಿದು ಒಂದೂವರೆ ಎರಡು ತಿಂಗಳಾದರೂ ಕಾಯಬಹುದು. ಅಷ್ಟರಲ್ಲಿ ಪ್ರವಾಸವೇ ಮರೆತುಹೋಗಿರುತ್ತದೆ. ಇಳಿಯದ ಜ್ವರ ಬಂದರೆ, ಅನ್ನ ಸೇರದೆ ಮೂತ್ರ ಹಳದಿಗೆ ತಿರುಗಿದರೆ, ಔಷಧದಂಗಡಿಯಲ್ಲಿ ಮಾತ್ರೆ ನುಂಗಿ ಕೆಲಸಕ್ಕೆ ಹೋಗುವ ಬದಲು ವೈದ್ಯರ ಬಳಿಗೆ ಹೋಗಿ ಆ ತಾರೀಖನ್ನು ಮೊದಲು ಹೇಳಿರಿ. ಒಂದೇ ಖೋಲಿಯಲ್ಲಿ ಎಂಟು ಹತ್ತು ಜನ ಇರುವ ನಮ್ಮ ಬಂಧುಗಳು, ಹೊಟೇಲಿನಲ್ಲಿ ಬಡಿಸುವವರು, ಅಡಿಗೆ ಮಾಡುವವರು ಇದನ್ನು ಉಪೇಕ್ಷಿಸಬಾರದು. ಅವರ ಕೈಯಿಂದ ಊಟ ಮಾಡುವವರು ನೂರಾರು ಜನ.